ಬೋರಲು ಕುಡಿಕೆ

ನಮ್ಮೂರಲ್ಲಿ ಬೆಳಗ್ಗೆ ಎದುರಾದವರನ್ನು ಯಾರೂ ಊಟದ ಬಗ್ಗೆಯಾಗಲಿ ಮಳೆಯ ಬಗ್ಗೆಯಾಗಲಿ ಕೇಳುವುದಿಲ್ಲ. ‘ಮಸರಾತೇನ?’ ಎಂದು, ರಾತ್ರಿಯ ಹಾಲು ಮೊಸರಾಯಿತೇ ಎಂದು ಕೇಳುತ್ತಾರೆ. ‘ಆತು’ ಎನ್ನಬೇಕು. ಆಗದಿದ್ದರೂ ಆತು ಎನ್ನಬೇಕು. ಕೇಳಿದವರು ಉತ್ತರಕ್ಕಾಗಿ ನಿಲ್ಲುವುದಿಲ್ಲ, ಹೇಳಿದವರು ಅವರನ್ನು ನಿಲ್ಲಿಸಿಕೊಳ್ಳುವುದೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ಹದಿನಾರು ವರ್ಷ ನಾನೂ ಹಾಗೆಯೇ ‘ಆತು, ಆತು’ ಎನ್ನುತ್ತ ಈ ಓಣಿಗಳಲ್ಲಿ ಮನೆ ಮನೆಗೆ ಹಾಲು ಹಾಕಿದ್ದೇನೆ.

ಹನ್ನೆರಡು ತುಂಬಿದ ಪ್ರತಿಯೊಬ್ಬರಿಗೂ ಒಂದೊಂದು ಮಣ್ಣಿನ ಕುಡಿಕೆ. ದೀಪ ಹಚ್ಚುವ ಹೊತ್ತಿಗೆ ಕಾಯಿಸಿ ಆರಿಸಿದ ಹಾಲನ್ನು ಅವರವರ ಕುಡಿಕೆಗೆ ಅವರವರೇ ಹೊಯ್ದು, ಹೆಪ್ಪು ಹಾಕಿ, ಬೆರಳಿನಿಂದ ಮೂರು ಸುತ್ತು ತಿರುವಿ, ಅಡಿಗೆಮನೆಯ ಗೋಡೆಯಲ್ಲಿ ಗೂಡಿನಂತಿರುವ ಮಾಡದಲ್ಲಿಡಬೇಕು. ಇನ್ನೊಬ್ಬರ ಕುಡಿಕೆ ಮುಟ್ಟಬಾರದು. ಒಂದೇ ಎಮ್ಮೆಯ ಹಾಲು, ಒಂದೇ ಹೆಪ್ಪು, ಒಂದೇ ಮಾಡ. ಆದರೂ ಬೆಳಗ್ಗೆ ಒಂದೊಂದು ಕುಡಿಕೆ ಒಂದೊಂದು ಥರ. ಮನಸ್ಸು ನೆಟ್ಟಗಿದ್ದವರದು ಬೆರಳಿಟ್ಟರೆ ಗುರುತು ಮೂಡುವಷ್ಟು ಗಟ್ಟಿ. ಅಂಜಿಕೆ ಹೊಕ್ಕವರದು ಒಡೆದು, ಮೇಲೆ ನೀರು ಕೆಳಗೆ ಗಸಿ. ಟೇಲರ್ ಯಮನಪ್ಪನದು ವರ್ಷಕ್ಕೊಂದು ಸಲ, ಹೆಪ್ಪು ಹಾಕಿದ ತಾಸಿನೊಳಗೇ ಉಬ್ಬಿ ಕುಡಿಕೆಯಿಂದಾಚೆ ಇಳಿಯುತ್ತಿತ್ತು. ಆ ದಿನಗಳಲ್ಲಿ ಅವನಿಗೆ ನಿದ್ದೆ ಬೇಡ, ದಣಿವಿಲ್ಲ. ಅಳತೆ ತೆಗೆದುಕೊಳ್ಳದೆ ಇಡೀ ಓಣಿಗೆ ಅಂಗಿ ಹೊಲಿದು ಹಂಚುವನು. ಒಂದು ಸಲ ನಮ್ಮ ಎಮ್ಮೆಗೂ ಬೆನ್ನಿಗೆ ಹೊದಿಸಲು ಜರಿಯಂಚಿನ ಕೆಂಪು ಜೂಲು ಹೊಲಿದು ತಂದಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಿಂಗಳುಗಟ್ಟಲೆ ಅವನು ಮಷೀನಿನ ಮುಂದೆ ಕೈಕಟ್ಟಿ ಕೂತಾಗ, ಅವನ ಕುಡಿಕೆಯ ಹಾಲು ಹಾಲಾಗಿಯೇ ಉಳಿದಾಗ, ನಕ್ಕವರು ಯಾರೂ ಆ ಕಡೆ ಹಾಯಲಿಲ್ಲ.

ಹಾಲು ಹಾಲಾಗಿಯೇ ಉಳಿಯುವುದಕ್ಕೇ ಊರು ಹೆದರುತ್ತಿತ್ತು. ಭಾದ್ರಪದದಲ್ಲಿ ಕುಡಿಕೆ ಹುಣ್ಣಿಮೆ ಬರುತ್ತದೆ. ಹಿಂದಿನ ಸಂಜೆ ಎಲ್ಲರೂ ತಮ್ಮ ಕುಡಿಕೆಯನ್ನು ಮನೆಯ ಹೊರಗಿನ ಕಟ್ಟೆಗೆ ತಂದು, ಓಣಿಯವರ ಕಣ್ಣೆದುರು ಹೆಪ್ಪು ಹಾಕಿ, ಬಾಯಿಗೆ ಬಿಳಿ ಅರಿವೆ ಕಟ್ಟಬೇಕು. ಬೆಳಗ್ಗೆ ಓಣಿಯ ಹಿರಿಯ ಬಂದು ಗಂಟು ಬಿಚ್ಚುತ್ತಾನೆ. ಹಾಲು ಹಾಗೆಯೇ ಇದ್ದರೆ ಚೆಲ್ಲಿ, ಕುಡಿಕೆಯನ್ನು ಬೋರಲು ಹಾಕುತ್ತಾನೆ. ಯಮನಪ್ಪ ಭಾದ್ರಪದದ ಹೊತ್ತಿಗೆ ಹೇಗೋ ಚೇತರಿಸಿಕೊಂಡು ಪ್ರತಿ ಸಲ ಪಾರಾಗುತ್ತಿದ್ದ. ಬೋರಲು ಬಿದ್ದವರು ಹಾಲಿನ ಪಾತ್ರೆ ಮುಟ್ಟುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಹೆತ್ತ ಮಕ್ಕಳನ್ನು ಅವರ ಕೈಯಲ್ಲಿ ಬಿಡುವಂತಿಲ್ಲ. ದಣಿದವರಿಗೆ ಬಿಡುವು ಸಿಗಲೆಂದು ಹಿಂದಿನವರು ಮಾಡಿದ್ದಂತೆ. ಕೆಲಸ ಹೇಳಬಾರದು ಎಂದು ಶುರುವಾದದ್ದು, ಮಾತಾಡಿಸಲೇಬಾರದು ಎಂಬಲ್ಲಿಗೆ ಬಂದು ನಿಂತಿತ್ತು. ಬೋರಲು ಹಾಕಲು ಒಂದು ದಿನವಿತ್ತು. ಎತ್ತಿಡಲು ದಿನವಿರಲಿಲ್ಲ.

ನಮ್ಮ ಮನೆಯ ಮಾಡದಲ್ಲಿ ಮೂರು ಕುಡಿಕೆ. ನನ್ನದು, ನನ್ನ ಗಂಡ ಮಲಕಪ್ಪನದು ನೆಟ್ಟಗೆ. ಮೂಲೆಯಲ್ಲಿ ಬೋರಲು ಇದ್ದದ್ದು ನನ್ನ ಅತ್ತೆ ಕಾಳವ್ವನದು. ಮಲಕಪ್ಪ ಹುಟ್ಟಿದ ಎರಡು ತಿಂಗಳಿಗೆ ಅದನ್ನು ಬೋರಲು ಹಾಕಿದ್ದರು. ಕೂಸು ಅತ್ತರೂ ಏಳದೆ, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳಂತೆ. ಕೂಸನ್ನು ಅದರ ದೊಡ್ಡವ್ವನ ಮನೆಗೆ ಒಯ್ದರು. ಅದಾಗಿ ಮೂವತ್ತೆಂಟು ವರ್ಷ. ಮಲಕಪ್ಪ ದೊಡ್ಡವ್ವನನ್ನೇ ‘ಅವ್ವ’ ಎಂದು ಕರೆದು ಬೆಳೆದ, ಮದುವೆಯಾದ ಮೇಲೆ ಈ ಮನೆಗೆ ಬಂದ. ಹೆತ್ತವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ‘ಅಕಿ ಉಂಡಳೇನು ನೋಡು’ ಎಂದು ನನಗೆ ಹೇಳುವನು. ಅವಳು ಪಡಸಾಲೆಯ ಮೂಲೆಯಲ್ಲಿ ಕೂತು ಹತ್ತಿಯಲ್ಲಿ ದೀಪದ ಬತ್ತಿ ಹೊಸೆಯುವಳು. ನಾನು ಸಂಜೆಗೆ ರೊಟ್ಟಿ, ಒಂದು ಬಟ್ಟಲು ಹಾಲು ಇಟ್ಟರೆ ತಲೆಯೆತ್ತದೆ ತೆಗೆದುಕೊಳ್ಳುವಳು. ಹದಿನಾರು ವರ್ಷದಲ್ಲಿ ನನಗೆ ಒಂದು ಮಾತು ಬೈದವಳಲ್ಲ. ‘ಬೈಯದ ಅತ್ತಿ ಸಿಕ್ಕಾಳ, ನಿನ್ನ ಪುಣ್ಯ’ ಎಂದು ಓಣಿಯ ಸೊಸೆಯಂದಿರು ಹೊಟ್ಟೆಕಿಚ್ಚು ಪಡುತ್ತಿದ್ದರು.

ಈ ಊರಲ್ಲಿ ಹಾಲು ಮಾರುವವಳ ಪಾಡು ಬೇರೆಯೇ. ಯಾರ ಕುಡಿಕೆ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಹಾಲು. ಓಣಿಯ ಹಿರಿಯ ಅಡಿವೆಪ್ಪನ ಹೆಂಡತಿ ಗುರುಸಿದ್ದವ್ವ ಎರಡು ವರ್ಷದಿಂದ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಬೈಯುತ್ತಿದ್ದಳು. ‘ನಿನ್ನ ಎಮ್ಮಿ ಹಾಲು ಹಿಂಡತಾವೋ ಬಾವಿ ನೀರು ಹಿಂಡತಾವೋ? ಬೆಳಿಗ್ಗೆ ನೋಡಿದ್ರ ಕುಡಿಕಿ ತುಂಬ ನೀರ ನಿಂತಿರತೈತಿ!’ ನಾಲ್ಕು ಮನೆಗೆ ಕೇಳುವಂತೆ ಅನ್ನುವಳು. ಅದು ನನ್ನ ಹಾಲಿನ ನೀರಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ‘ಹಾಲಿನಾಕಿ ಕಿವಿ ತಗೊಂಡು ಹೋಗಬೇಕು, ಬಾಯಿ ಮನ್ಯಾಗ ಬಿಟ್ಟು ಹೋಗಬೇಕು’ ಎಂದು ನನ್ನವ್ವ ಹೇಳಿಕೊಟ್ಟಿದ್ದಳು. ನಾನು ಅಳತೆಯ ಮೇಲೆ ಒಂದು ಗುಟುಕು ಹಾಲು ಹೆಚ್ಚಿಗೆ ಹೊಯ್ದು ಮುಂದೆ ಹೋಗುತ್ತಿದ್ದೆ.

ಯುಗಾದಿ ಮುಗಿದ ವಾರಕ್ಕೆ ನನ್ನ ಕುಡಿಕೆಯಲ್ಲಿ ಹಾಲು ಹಾಲಾಗಿಯೇ ಉಳಿಯಿತು. ಇಂಥದ್ದಕ್ಕೇ ಎಂದು ಕಾರಣ ಹೇಳಲು ಏನೂ ಇರಲಿಲ್ಲ. ಎಮ್ಮೆಗಳು ಚೆನ್ನಾಗಿದ್ದವು, ಗಂಡ ಕೈಯೆತ್ತುವವನಲ್ಲ, ಎಂಟು ವರ್ಷದ ಮಗಳು ಚಂಪಿ ಮನೆ ತುಂಬ ಓಡಾಡುತ್ತಿದ್ದಳು. ಆದರೂ ಕೋಳಿ ಕೂಗುವುದಕ್ಕೆ ಮೊದಲೇ ಎಚ್ಚರವಾಗುವುದು. ಎಚ್ಚರವಾದ ಕೂಡಲೇ ಎದೆಯ ಮೇಲೆ ನೆನೆದ ಚೀಲ ಇಟ್ಟಂತೆ. ರೊಟ್ಟಿ ಬಾಯಲ್ಲಿ ಹೊಟ್ಟಿನಂತೆ ಉಳಿಯುವುದು. ಎಮ್ಮೆಯ ಕೆಳಗೆ ಕೂತು ಕೆಚ್ಚಲಿಗೆ ಕೈಹಾಕಿದರೆ ಯಾಕೆ ಕೂತೆ ಎಂಬುದೇ ಮರೆಯುವುದು. ಚಂಪಿ ಏನೋ ಹೇಳಿ ನಗುವಳು. ಅದು ಪಕ್ಕದ ಮನೆಯಿಂದ ಕೇಳಿದಂತೆ ಕೇಳುವುದು. ಬೆಳಗ್ಗೆ ಕುಡಿಕೆಯ ಹಾಲನ್ನು ಯಾರಿಗೂ ಕಾಣದಂತೆ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು, ಬೀದಿಗೆ ಬಂದು ‘ಆತು’ ಎನ್ನುತ್ತಿದ್ದೆ.

ಸರಕಾರಿ ದವಾಖಾನೆಗೆ ಆ ವರ್ಷ ಹೊಸದಾಗಿ ಬಂದಿದ್ದ ಡಾಕ್ಟರ್ ವಿನುತಾ ನನ್ನ ಹಾಲಿನ ಮನೆಗಳಲ್ಲಿ ಕೊನೆಯವರು. ಹೊರಗಿನವರು, ಅವರ ಮನೆಯಲ್ಲಿ ಕುಡಿಕೆಯೇ ಇರಲಿಲ್ಲ. ಒಂದು ಮುಂಜಾನೆ ನಾನು ಅವರ ಪಾತ್ರೆಗೆ ಹೊಯ್ಯಬೇಕಾದ ಹಾಲನ್ನು ಹೊಸ್ತಿಲ ಮೇಲೆ ಹೊಯ್ದೆ. ಹಾಲು ಅವರ ಚಪ್ಪಲಿ ದಾಟಿ ಒಳಗೆ ಹರಿಯಿತು. ಅವರು ಹಾಲು ನೋಡಲಿಲ್ಲ, ನನ್ನ ಮುಖ ನೋಡಿದರು.

‘ಎಷ್ಟು ದಿನದಿಂದ ನಿದ್ದೆ ಇಲ್ಲ?’

‘ಆತ್ರಿ’ ಎಂದೆ.

‘ಏನಾಯ್ತು?’

‘ಮಸರು.’

‘ನಾನು ಮೊಸರು ಕೇಳಲಿಲ್ಲಮ್ಮ, ನಿದ್ದೆ ಕೇಳಿದೆ. ಬಾ, ಒಳಗೆ ಕೂತ್ಕೋ.’

ಕೂತೆ. ಅವರು ಒಂದೊಂದಾಗಿ ಕೇಳುತ್ತ ಹೋದರು. ಊಟ ಸೇರುತ್ತದೆಯೇ, ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ, ಹಿಂದೆ ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತದೆಯೇ, ನಾನು ಯಾರಿಗೂ ಬೇಡ ಅನಿಸುತ್ತದೆಯೇ. ಕೊನೆಗೆ, ದನಿ ಏರಿಸದೆ ಇಳಿಸದೆ, ‘ಬದುಕೋದೇ ಬೇಡ ಅನ್ಸಿದೆಯಾ?’ ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಹೌಹಾರಲಿಲ್ಲ. ಎದ್ದು ಬಂದು ಪಕ್ಕದಲ್ಲಿ ಕೂತರು. ‘ಹೇಳಿದ್ದು ಒಳ್ಳೇದಾಯ್ತು. ಇನ್ನು ಮೇಲೆ ಹಾಗೆ ಅನ್ಸಿದ್ರೆ ಯಾವ ಹೊತ್ತಾದ್ರೂ ಸರಿ, ಈ ಬಾಗಿಲು ಬಡಿ’ ಎಂದರು.

‘ಕುಡಿಕಿ ನೋಡದನ ನಿಮಗ ಹೆಂಗ ಗೊತ್ತಾತ್ರಿ?’ ಎಂದೆ.

‘ನಮ್ಮೂರಲ್ಲಿ ಕುಡಿಕೆ ಇಲ್ಲವಲ್ಲ. ಅದಕ್ಕೆ ನಾವು ಕೇಳಿಯೇ ತಿಳ್ಕೋಬೇಕು.’

ಅದಕ್ಕೆ ಖಿನ್ನತೆ ಎಂಬ ಹೆಸರಿದೆ ಎಂದು ಹೇಳಿದರು. ನಾನು ನಂಬಲಿಲ್ಲ. ನನ್ನದು ಬರೀ ಸೋಮಾರಿತನ, ಪಾಪದ ಫಲ ಎಂದೆ. ಅವರು, ‘ನಿನ್ನ ಎಮ್ಮೆಗೆ ಕೆಚ್ಚಲು ಬಾವು ಬಂದ್ರೆ ಏನ್ಮಾಡ್ತೀಯ?’ ಎಂದರು.

‘ದನದ ಡಾಕ್ಟರನ್ನ ಕರಸತೀನ್ರಿ.’

‘ಎಮ್ಮೆನ ಬೋರಲು ಹಾಕಲ್ವಾ?’

ನನಗೆ ನಗು ಬಂತು. ಎರಡು ತಿಂಗಳಲ್ಲಿ ಅದೇ ಮೊದಲು. ಯಾರೋ ಬೇರೆಯವರು ನಕ್ಕಂತಿತ್ತು. ಅವರು ಗುಳಿಗೆ ಕೊಟ್ಟರು. ಕೆಲಸ ಮಾಡಲು ಎರಡು ಮೂರು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಚೆನ್ನಾಗಿ ಅನಿಸಿದರೂ ತಾನು ಹೇಳುವವರೆಗೆ ಬಿಡಬಾರದು. ಮಂಗಳವಾರ ಮಂಗಳವಾರ ಬಂದು ಮಾತಾಡಬೇಕು. ಇಷ್ಟು ಹೇಳಿ ಕಳಿಸಿದರು. ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಅವನು ಮಾಡದ ಮೂಲೆಯ ಬೋರಲು ಕುಡಿಕೆಯ ಕಡೆ ನೋಡಿದ. ‘ಹುಣ್ಣಿವಿಗೆ ಇನ್ನ ಮೂರು ತಿಂಗಳೈತಿ. ಅಷ್ಟರೊಳಗ ಆರಾಮ ಆಗತೈತಿ ಬಿಡು’ ಎಂದ. ನನ್ನ ಕುಡಿಕೆ ಬೋರಲಾದರೆ ಎಮ್ಮೆಗಳು ಹೋಗುತ್ತವೆ, ಚಂಪಿ ದೊಡ್ಡವ್ವನ ಮನೆಗೆ ಹೋಗುತ್ತಾಳೆ. ಅವನು ಒಮ್ಮೆ ಹೋದ ದಾರಿ ಅದು.

ಗುಳಿಗೆ ಶುರುವಾದ ಹತ್ತೊಂಬತ್ತನೆಯ ದಿನ ನನ್ನ ಕುಡಿಕೆಯಲ್ಲಿ ಮೊಸರಿತ್ತು. ಗಟ್ಟಿ ಮೊಸರು, ಮೇಲೆ ಕೆನೆ. ಮಲಕಪ್ಪ ಚಂಪಿಯನ್ನು ಎತ್ತಿಕೊಂಡು ಕುಣಿದ. ಮರುದಿನವೂ ಆಯಿತು, ಅದರ ಮರುದಿನವೂ. ನನ್ನೊಳಗೆ ಮಾತ್ರ ಆ ನೆನೆದ ಚೀಲ ಇದ್ದಲ್ಲೇ ಇತ್ತು. ಆದರೆ ಈ ಊರಲ್ಲಿ ಯಾರಾದರೂ ಕುಡಿಕೆಯನ್ನು ಬಿಟ್ಟು ತನ್ನನ್ನು ತಾನು ನಂಬುತ್ತಾರೆಯೇ? ಕುಡಿಕೆ ಆತು ಎಂದರೆ ಆಯಿತು. ಎಂಟು ಹತ್ತು ದಿನ ನೋಡಿ ಗುಳಿಗೆ ಬಿಟ್ಟೆ. ಮಂಗಳವಾರ ಹೋಗುವುದನ್ನೂ ಬಿಟ್ಟೆ. ಡಾಕ್ಟರಬಾಯಿ ಬಾಗಿಲಲ್ಲಿ ಕೇಳಿದಾಗ ‘ಆರಾಮ ಆಗೇತ್ರಿ’ ಎಂದು ಹಾಲು ಹೊಯ್ದು ಓಡಿದೆ.

ಆಷಾಢದಲ್ಲಿ ಮೊದಲಿಗಿಂತ ಕೆಟ್ಟದಾಗಿ ಬಿದ್ದೆ. ಮೊದಲು, ಕುಡಿಕೆಯಲ್ಲಾದರೂ ಹಾಲಿತ್ತು, ನನಗೆ ಏನೋ ಆಗಿದೆ ಎಂಬುದಕ್ಕೆ ಒಂದು ಸಾಕ್ಷಿ ಇತ್ತು. ಈಗ ದಿನವೂ ಗಟ್ಟಿ ಮೊಸರು, ನಾನು ಹಾಸಿಗೆಯಿಂದ ಏಳಲಾರೆ. ಹಾಗಾದರೆ ಇದು ಬೇನೆಯಲ್ಲ, ನಾನೇ ಕೆಟ್ಟವಳು ಎಂದುಕೊಂಡೆ. ಹಾಲಿನ ಕ್ಯಾನು ಮಲಕಪ್ಪನೇ ಹೊತ್ತು ತಿರುಗತೊಡಗಿದ. ‘ನಿನ್ನ ಹೇಣ್ತಿಗೇನು ಮೈಗಳ್ಳತನ? ಮಸರು ಚಲೋ ಆಗತೈತಂತ ನೀನ ಹೇಳತೀದಿ!’ ಎಂದು ಗುರುಸಿದ್ದವ್ವ ಕೇಳಿದಳಂತೆ.

ಒಂದು ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಚಂಪಿ ಶಾಲೆಗೆ, ಗಂಡ ಎಮ್ಮೆಯ ಹಿಂದೆ ಹೋಗಿದ್ದರು. ಯಾರೋ ಬೆನ್ನ ಹಿಂದೆ ಬಂದು ಕೂತಂತಾಯಿತು. ಹತ್ತಿಯ ವಾಸನೆ.

‘ಅದು ನಿನ್ನ ಮಸರಲ್ಲ’ ಎಂದಳು ಕಾಳವ್ವ.

ಹದಿನಾರು ವರ್ಷದಲ್ಲಿ ನಾನು ಆ ದನಿ ಕೇಳಿದ್ದು ಹತ್ತಾರು ಸಲ ಇರಬಹುದು. ಸಾಕು, ಬೇಡ, ಇರಲಿ, ಇಷ್ಟೇ. ತಿರುಗಿ ನೋಡಿದೆ.

‘ಅಂವ ಬೆಳಕು ಹರಿಯೋ ಮುಂದ ಎದ್ದು ತನ್ನ ಕುಡಿಕ್ಯಾಂದು ನಿನ್ನ ಕುಡಿಕಿಗೆ ಹಾಕತಾನ. ನಿಂದು ಹಾಲು ತಾ ಕುಡದ ಬಿಡತಾನ. ದಿನಾ ನೋಡತೀನಿ. ನಿಂಗ ಇನ್ನಾ ಆರಾಮಿಲ್ಲ ತಂಗೆವ್ವಾ. ನಾನೂ ಇದ ಗ್ವಾಡಿ ನೋಡಕೋತ ಬಿದ್ದಿದ್ದೆ, ಇಲ್ಲೇ, ಇದ ಜಾಗಾದಾಗ. ಇದು ಮೈಗಳ್ಳತನ ಅಲ್ಲ. ಏಳು, ಆ ಡಾಕ್ಟರಬಾಯಿ ಹತ್ರ ಹೋಗು.’ ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು. ‘ಅಂವಗ ಬೈಬ್ಯಾಡ. ಒಮ್ಮಿ ತಾಯೀನ್ನ ಕಳಕೊಂಡಾನ. ಈಗ ನಿನ್ನೂ ಕಳಕೊಳ್ಳೂದು ತಡಕೊಳ್ಳಾಕ ಆಗಿಲ್ಲ.’

ನಾನು ಬೈಯಲಿಲ್ಲ. ಸಂಜೆ ಅವನನ್ನು ಕೂರಿಸಿಕೊಂಡು ಕೇಳಿದೆ. ಅವನು ಅಳತೆಯ ಲೋಟವನ್ನು ಕೈಯಲ್ಲಿ ತಿರುಗಿಸುತ್ತ, ‘ಮೊದಲನೇ ದಿನದ್ದೂ ನಾನ ಹಾಕಿದ್ದು. ಅವತ್ತ ಮಸರು ನೋಡಿ ನಿನ್ನ ಮಾರಿ ಸ್ವಲ್ಪ ಅರಳಿತ್ತು. ಇನ್ನೊಂದು ದಿನ ಅರಳಲಿ ಅಂತ ಹಾಕಿದೆ. ಆಮ್ಯಾಲ ಬಿಡಾಕ ಆಗಲಿಲ್ಲ’ ಎಂದ. ನಾನು ಗುಳಿಗೆ ಬಿಟ್ಟದ್ದು ಅವನಿಗೆ ಗೊತ್ತೇ ಇರಲಿಲ್ಲ. ಅದನ್ನೂ ಹೇಳಿದೆ. ಮರುದಿನ ಅವನೇ ನನ್ನನ್ನು ಕರೆದುಕೊಂಡು ದವಾಖಾನೆಯ ಸಾಲಿನಲ್ಲಿ ನಿಂತ, ಯಾರು ನೋಡಿದರೂ ತಲೆ ತಗ್ಗಿಸಲಿಲ್ಲ.

ಡಾಕ್ಟರಬಾಯಿ ಬೈಯಲಿಲ್ಲ. ‘ಮತ್ತೆ ಶುರು ಮಾಡೋಣ’ ಎಂದರು.

‘ಹುಣ್ಣಿವಿಗೆ ಇಪ್ಪತ್ತೆರಡು ದಿನ ಉಳದೈತ್ರಿ’ ಎಂದ ಮಲಕಪ್ಪ. ‘ಅಷ್ಟರಾಗ ಮಸರು ಆಗತೈತೇನ್ರಿ?’

‘ಔಷಧಿ ಪಂಚಾಂಗ ನೋಡ್ಕೊಂಡು ಕೆಲಸ ಮಾಡಲ್ಲಪ್ಪ. ಆಗಬಹುದು, ಆಗದೆಯೂ ಇರಬಹುದು. ನೀನು ಮಾತ್ರ ಕುಡಿಕೆ ಮುಟ್ಟಬೇಡ. ಗುಳಿಗೆ ತಪ್ಪದ ಹಾಗೆ ನೋಡ್ಕೋ. ದಿನಾ ಅವಳ ಜೊತೆ ನಡಿ. ಏನಾದ್ರೂ ಹೇಳಿದ್ರೆ ಕೇಳು. ಸರಿ ಮಾಡಕ್ಕೆ ಹೋಗ್ಬೇಡ, ಸುಮ್ನೆ ಕೇಳು.’

ಅವನು ಹಾಗೆಯೇ ಮಾಡಿದ. ಮುಂಜಾನೆ ನಾನು ಲೋಟ ಹಿಡಿದು ಮುಂದೆ, ಅವನು ಕ್ಯಾನು ಹೊತ್ತು ಹಿಂದೆ. ‘ಹಾಲಿಗೆ ಹೋಗತೀರೋ ಜಾತ್ರಿಗೆ ಹೋಗತೀರೋ?’ ಎಂದು ಹೆಂಗಸರು ಛೇಡಿಸಿದರು. ಅವನು ದಾರಿಯುದ್ದಕ್ಕೂ ಬಾಯಿ ಬಿಗಿಹಿಡಿದು ‘ಹೂಂ’ ಎನ್ನುತ್ತ ಕೇಳುವನು. ಬುದ್ಧಿ ಹೇಳಲು ಬಾಯಿ ತುಂಬ ಬಂದಾಗ ಕ್ಯಾನನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸುವನು. ಹದಿನಾಲ್ಕನೆಯ ದಿನ ಕೋಳಿ ಕೂಗಿದ ಮೇಲೆ ನನಗೆ ಎಚ್ಚರವಾಯಿತು. ಹದಿನಾರನೆಯ ದಿನ ಯಾರದೋ ಮನೆಯ ಒಗ್ಗರಣೆಗೆ ಉಳ್ಳಾಗಡ್ಡಿ ಬಿದ್ದ ವಾಸನೆ ಬಂದು, ನನಗೆ ಹಸಿವಾಗಿದೆ ಎಂದು ತಿಳಿಯಿತು. ಬೀದಿಯಲ್ಲೇ ನಿಂತು ಅತ್ತುಬಿಟ್ಟೆ. ‘ಯಾಕ, ಏನಾತು?’ ಎಂದ ಗಂಡ. ‘ಹಸಿವು’ ಎಂದೆ. ಅವನು ಕ್ಯಾನು ಇಳಿಸಿ, ಮುಂದಿನ ಮನೆಯಲ್ಲಿ ಅರ್ಧ ರೊಟ್ಟಿ ಕೇಳಿ ತಂದ. ಕುಡಿಕೆಯಲ್ಲಿ ಮಾತ್ರ ಹಾಲು ಹಾಲಾಗಿಯೇ ಇತ್ತು. ದಿನವೂ ನೋಡಿದೆ, ಹುಣ್ಣಿಮೆಯ ಹಿಂದಿನ ದಿನದವರೆಗೂ.

ಆ ಸಂಜೆ ಕಟ್ಟೆಯ ಮೇಲೆ ಎಲ್ಲರೆದುರು ಹೆಪ್ಪು ಹಾಕಿ ಅರಿವೆ ಕಟ್ಟಿದೆ. ಬೆಳಗ್ಗೆ ಅಡಿವೆಪ್ಪ ಓಣಿಯ ಆ ತುದಿಯಿಂದ ಬಿಚ್ಚುತ್ತ ಬಂದ, ಜನ ಹಿಂದೆ ಹಿಂದೆ. ಚಂಪಿಯನ್ನು ಒಯ್ಯಲು ದೊಡ್ಡವ್ವನ ಮನೆಯಿಂದ ಚಕ್ಕಡಿ ಬಂದು ಬೇವಿನ ಗಿಡದ ಕೆಳಗೆ ನಿಂತಿತ್ತು. ಯಾರು ಹೇಳಿಕಳಿಸಿದ್ದರೋ ಗೊತ್ತಿಲ್ಲ. ಹೀಗಾಗುವ ಮನೆಯ ಮುಂದೆ ಚಕ್ಕಡಿ ತಾನಾಗಿ ಬರುತ್ತಿತ್ತು. ಚಂಪಿ ನನ್ನ ಸೆರಗು ಹಿಡಿದು ನಿಂತಿದ್ದಳು. ಅಡಿವೆಪ್ಪ ನನ್ನ ಕುಡಿಕೆಯ ಗಂಟು ಬಿಚ್ಚಿದ. ಓರೆ ಮಾಡಿದ. ಹಾಲು ಅತ್ತ ಇತ್ತ ಹೊಯ್ದಾಡಿತು.

‘ಹಾಲೈತಿ ತಂಗೆವ್ವಾ’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಕೆಟ್ಟವನಲ್ಲ.

ಸುಮ್ಮನಿರಬೇಕು ಎಂದುಕೊಂಡಿದ್ದೆ. ಆದರೆ ಮೂರು ವಾರದಿಂದ ದಿನವೂ ಮಾತಾಡಿ ಬಾಯಿಗೆ ರೂಢಿಯಾಗಿತ್ತು. ‘ಹೌದ್ರಿ ಕಾಕಾ, ಹಾಲೈತಿ. ಯುಗಾದಿಯಿಂದ ಹಾಲೈತಿ. ದಿನಾ ಆತು ಅಂತ ಸುಳ್ಳು ಹೇಳೇನಿ. ಈಗ ದವಾಖಾನಿಗೆ ಹೊಂಟೇನಿ. ನಿದ್ದಿ ಬರಾಕ ಹತ್ತೇತಿ, ಹಸಿವು ಆಗಾಕ ಹತ್ತೇತಿ. ಇನ್ನಷ್ಟು ದಿನ ಬೇಕು. ಅಷ್ಟ.’

‘ಇಲ್ಲ’ ಎಂದು ಬಾಯಿಬಿಟ್ಟು ಹೇಳಿದವರನ್ನು ಓಣಿಯವರು ಕಂಡಿರಲೇ ಇಲ್ಲ. ಅಡಿವೆಪ್ಪ ಕತ್ತು ಕೆರೆದುಕೊಂಡ. ‘ಖರೇ ಇರಬಹುದವ್ವ. ಆದ್ರ ರೂಢಿ ಐತಿ. ನಾ ಮಾಡಿದ್ದಲ್ಲ’ ಎಂದು ಕುಡಿಕೆ ಎತ್ತಿದ.

‘ತಡಿ ಅಡಿವೆಪ್ಪಾ.’

ಕಾಳವ್ವ ಹೊಸ್ತಿಲಲ್ಲಿ ನಿಂತಿದ್ದಳು. ಮೂವತ್ತೆಂಟು ವರ್ಷದಿಂದ ಅವಳು ಹುಣ್ಣಿಮೆಯ ದಿನ ಆ ಕಟ್ಟೆಗೆ ಬಂದವಳಲ್ಲ. ಎರಡೂ ಕೈಯಲ್ಲಿ ಒಂದು ಮಣೆ, ಮಣೆಯ ಮೇಲೆ ಆ ಬೋರಲು ಕುಡಿಕೆ, ಮಾಡದಲ್ಲಿದ್ದ ಹಾಗೆಯೇ. ತುಂಬಿದ ಕೊಡ ಹೊತ್ತವಳಂತೆ ಹೆಜ್ಜೆ ಹೆಜ್ಜೆಗೆ ನೋಡಿಕೊಂಡು ಬಂದು ಕಟ್ಟೆಯ ಮೇಲೆ ಇಟ್ಟಳು.

‘ಇದನ್ನ ನಿಮ್ಮಪ್ಪ ಬೋರಲ ಹಾಕಿದ್ದ. ನೀ ಎತ್ತು.’

‘ಎತ್ತೂ ರೂಢಿ ಇಲ್ಲ ಕಾಳವ್ವಕ್ಕಾ.’

‘ಎತ್ತಬ್ಯಾಡ ಅನ್ನೂ ರೂಢಿ ಐತೇನು?’

ಅಡಿವೆಪ್ಪ ಹಿಂದೆ ನಿಂತ ಮುದುಕರ ಕಡೆ ನೋಡಿದ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಅಂಥ ರೂಢಿ ಯಾರಿಗೂ ನೆನಪಾಗಲಿಲ್ಲ. ಯಾರೂ ಎತ್ತಿರಲಿಲ್ಲ, ಅಷ್ಟೇ. ಅವನು ನನ್ನ ಕುಡಿಕೆ ಕೆಳಗಿಟ್ಟು, ಹಾವಿನ ಬುಟ್ಟಿಯ ಮುಚ್ಚಳ ತೆಗೆಯುವವನಂತೆ ಅವಳ ಕುಡಿಕೆಯನ್ನು ಎತ್ತಿದ.

ಕೆಳಗೆ ಒಂದು ಕರಟವಿತ್ತು. ತಿಕ್ಕಿ ತಿಕ್ಕಿ ಕನ್ನಡಿಯಂತಾದ ತೆಂಗಿನ ಕರಟ. ಅದರ ತುಂಬ ಮೊಸರು.

‘ಸೊಸಿ ದಿನಾ ಸಂಜಿಕೆ ನನಗ ಹಾಲು ಕೊಡತಾಳ’ ಎಂದಳು ಕಾಳವ್ವ. ಊರಿಗೆ ಹೇಳುತ್ತಿರಲಿಲ್ಲ, ಕರಟಕ್ಕೆ ಹೇಳುವಂತೆ ಹೇಳುತ್ತಿದ್ದಳು. ‘ಅಕಿಗಿಂತ ಮೊದಲ ಅಕ್ಕತಂಗೇರು ಕೊಡತಿದ್ರು. ಅದರಾಗ ನಾಕು ಗುಟುಕು ಉಳಸತೀನಿ. ನಿನ್ನಿ ಮಸರಿಲೆ ಇವತ್ತಿಂದಕ ಹೆಪ್ಪ. ನನಗ ಬ್ಯಾನಿ ಇದ್ದದ್ದು ಒಂದ ವರ್ಷ. ಹೆಂಗೋ ಏನೋ, ಬಹಳ ತ್ರಾಸ ಕೊಟ್ಟು ತಾನ ಇಳೀತು. ಮೂವತ್ತೇಳು ವರ್ಷದಿಂದ ಮಸರು ಆಗೇ ಆಗತೈತಿ. ಯಾರೂ ಕೇಳಲಿಲ್ಲ.’

ಅವಳು ಕರಟವನ್ನು ಕೈಗೆತ್ತಿಕೊಂಡು, ಎಲ್ಲರ ಎದುರು, ತಾನೇ ಅದನ್ನು ಬೋರಲು ಮಾಡಿದಳು. ಮುಂದೆ ನಿಂತವರು ಹಿಂದೆ ಸರಿದರು. ಮೊಸರು ಬೀಳಲಿಲ್ಲ. ಕರಟಕ್ಕೆ ಕಚ್ಚಿಕೊಂಡು, ಒಂದು ಹನಿ ನೀರೂ ಬಿಡದೆ, ಹಾಗೆಯೇ ನಿಂತಿತು. ಅವಳು ಕರಟ ಹಿಡಿದ ಕೈಯನ್ನು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲರಿಗೂ ತೋರಿಸಿದಳು.

‘ಬೋರಲ ಹಾಕಿದ್ರೂ ಬಿದ್ದಿಲ್ಲ, ನೋಡ್ರಿ.’

ಮೊದಲು ನಕ್ಕದ್ದು ಟೇಲರ್ ಯಮನಪ್ಪ. ಜೋರಾಗಿ, ಚಪ್ಪಾಳೆ ತಟ್ಟಿ ನಕ್ಕ. ಆಮೇಲೆ ಓಣಿಯೇ ನಕ್ಕಿತು. ಅದು ಎಮ್ಮೆಯ ಜೂಲಿಗೆ ನಕ್ಕಂಥ ನಗೆಯಲ್ಲ. ಮಲಕಪ್ಪ ಜನರ ನಡುವೆ ನುಗ್ಗಿ ಬಂದು ಕಟ್ಟೆಯ ಧೂಳನ್ನು ಹೆಗಲ ವಸ್ತ್ರದಿಂದ ಒರೆಸಿದ. ‘ಕೂಡ್ರು ಅವ್ವಾ’ ಎಂದ. ಅವಳು ಅವನನ್ನು ನೋಡಿದಳು. ಕೂತಳು.

ಆಗ ಗುರುಸಿದ್ದವ್ವ ಮುಂದೆ ಬಂದಳು. ಹಿರಿಯನ ಮನೆಯ ಕುಡಿಕೆಗಳನ್ನು ಬಿಚ್ಚುವುದು ಕೊನೆಗೆ, ಅವಳದಿನ್ನೂ ಬಿಚ್ಚಿರಲಿಲ್ಲ. ಗಂಡನ ಕಡೆ ನೋಡದೆ ಹೇಳಿದಳು. ‘ನಮ್ಮ ಕಟ್ಟಿಗೆ ಬರೂಕಿಂತ ಮೊದಲ ನಾನ ಹೇಳಿಬಿಡತೀನಿ. ನನ್ನ ಕುಡಿಕಿ ಒಡದಿರತೈತಿ. ಎಳ್ಡು ವರ್ಷಾತು. ಮನ್ಯಾಗಿನವರು ಹೊರಗ ಹೋಗಿ ತಿರುಗಿ ಬರೂತನ ಎದಿ ಡವಡವ ಅಂತೈತಿ, ಕೈ ನಡಗತಾವ. ತಂಗೆವ್ವನ ಹಾಲಿನಾಗ ನೀರಿಲ್ಲ. ಎಂದೂ ಇರಲಿಲ್ಲ. ಆ ನೀರು ನಂದ.’ ಆಮೇಲೆ ಕಾಳವ್ವನ ಮುಂದೆ ಅಂಗೈ ಚಾಚಿದಳು. ‘ಕಾಳವ್ವಕ್ಕಾ, ಚೂರು ಹೆಪ್ಪ ಕೊಡು.’

ಅಡಿವೆಪ್ಪ ಹೆಂಡತಿಯನ್ನು ಹೊಸದಾಗಿ ಕಂಡವನಂತೆ ನೋಡಿದ. ಅವನ ಕೈಯಲ್ಲಿ ಕಾಳವ್ವನ ಕುಡಿಕೆ ಇನ್ನೂ ಇತ್ತು. ಅದರ ಬಾಯಿಯಂಚಿನ ಧೂಳನ್ನು ತನ್ನ ಧೋತರದ ಅಂಚಿನಿಂದ ಒರೆಸಿ, ನನ್ನ ಕುಡಿಕೆಯ ಪಕ್ಕದಲ್ಲಿ ನೆಟ್ಟಗೆ ಇಟ್ಟ. ಎರಡನ್ನೂ ಹಾಗೆಯೇ ಬಿಟ್ಟು, ‘ಎತ್ತೂದೂ ಒಂದು ರೂಢಿ, ಇವತ್ತಿಂದ ಶುರು’ ಎಂದಷ್ಟೇ ಹೇಳಿ ಮುಂದಿನ ಕಟ್ಟೆಗೆ ನಡೆದ. ಚಕ್ಕಡಿಯವನು ಕೇಳಿದ, ‘ಹುಡುಗೀನ್ನ ಹತ್ತಸತೀರೇನು?’ ಕಾಳವ್ವ ಕಟ್ಟೆಯ ಮೇಲಿಂದಲೇ, ‘ಎತ್ತಿಗೆ ನೀರು ಕುಡಿಸಿಕೊಂಡು ಹೋಗಪ್ಪ, ದೂರ ಬಂದೀದಿ’ ಎಂದಳು. ಖಾಲಿ ಚಕ್ಕಡಿ ಗಡಗಡ ಎಂದು ಓಣಿ ದಾಟುವವರೆಗೂ ಚಂಪಿ ಅದಕ್ಕೆ ಕೈ ಬೀಸುತ್ತಲೇ ಇದ್ದಳು.

ಊರಲ್ಲಿ ಒಟ್ಟು ಹನ್ನೊಂದು ಬೋರಲು ಕುಡಿಕೆಗಳಿದ್ದವು. ಆ ವಾರದಲ್ಲಿ ಎಲ್ಲವನ್ನೂ ಎತ್ತಿದರು. ಏಳರ ಕೆಳಗೆ ಧೂಳಿತ್ತು. ಒಂದರ ಕೆಳಗೆ ಯಾರದೋ ಮೂಗುಬಟ್ಟಿತ್ತು. ಕಾಳವ್ವನದಲ್ಲದೆ ಇನ್ನೆರಡರ ಕೆಳಗೆ ಕರಟವಿತ್ತು, ಕರಟದಲ್ಲಿ ಮೊಸರಿತ್ತು. ಅವರಿಬ್ಬರ ಮನೆಯವರು ಬಹಳ ದಿನ ಬೀದಿಯಲ್ಲಿ ತಲೆಯೆತ್ತಿ ತಿರುಗಲಿಲ್ಲ. ಧೂಳಿದ್ದವರನ್ನು ಡಾಕ್ಟರಬಾಯಿಯ ಹತ್ತಿರ ಕರೆದೊಯ್ದರು. ಮಂಗಳವಾರದ ಸಾಲು ಬೇವಿನ ಗಿಡದವರೆಗೆ ಬೆಳೆಯಿತು. ಯಮನಪ್ಪ ಬೇರೆ ಥರದ ಗುಳಿಗೆ ತೆಗೆದುಕೊಳ್ಳುತ್ತಾನೆ. ತನ್ನ ಬೇನೆ ಎರಡು ಮುಖದ್ದು, ಏರಿದಾಗಲೂ ಬೇನೆಯೇ ಎಂದು ಕೇಳಿದವರಿಗೆಲ್ಲ ತಿಳಿಸಿ ಹೇಳುತ್ತಾನೆ. ಈಗ ಅಳತೆ ತೆಗೆದುಕೊಂಡೇ ಹೊಲಿಯುತ್ತಾನೆ. ಗುರುಸಿದ್ದವ್ವ ಉಸಿರಾಟದ ಅಭ್ಯಾಸ ಕಲಿತು, ಕಲಿಯದವರಿಗೆಲ್ಲ ಜುಲುಮೆಯಿಂದ ಕಲಿಸುತ್ತಿದ್ದಾಳೆ.

ಹುಣ್ಣಿಮೆಯ ಮರುದಿನ ಹಾಲಿಗೆ ಹೋದಾಗ ಮೊದಲ ಮನೆಯಲ್ಲೇ ಕೇಳಿದರು. ‘ಮಸರಾತೇನ ತಂಗೆವ್ವಾ?’

‘ಇಲ್ಲ’ ಎಂದೆ. ಬಾಯಿ ತುಂಬ ಎಂದೆ.

ಕೇಳಿದವಳು ಗಲಿಬಿಲಿಗೊಂಡಳು. ಈ ಊರಲ್ಲಿ ಎರಡನೆಯ ಪ್ರಶ್ನೆ ಯಾರಿಗೂ ಗೊತ್ತಿರಲಿಲ್ಲ. ಪಾತ್ರೆ ಕೈಯಲ್ಲಿ ಹಿಡಿದು ಸ್ವಲ್ಪ ಯೋಚಿಸಿ, ‘ಹಂಗಾದ್ರ... ರಾತ್ರಿ ನಿದ್ದಿ ಬಂತೇನು?’ ಎಂದಳು. ಬಂತು ಎಂದೆ. ‘ಊಟ?’ ಅದೂ ಸೇರಿತು ಎಂದೆ. ‘ಬಾ, ಕೂಡು ಹಂಗಾದ್ರ’ ಎಂದು ಕಟ್ಟೆ ತೋರಿಸಿದಳು. ಅವತ್ತು ಇಪ್ಪತ್ತಮೂರು ಮನೆಗೆ ಹಾಲು ಹಾಕುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಎಲ್ಲರೂ ಕೂರಿಸಿಕೊಂಡಿದ್ದರು. ಕೊನೆಯ ಮೂರು ಮನೆಯ ಹಾಲು ಒಡೆದೇ ಹೋಗಿತ್ತು. ಯಾರೂ ಬೈಯಲಿಲ್ಲ.

ನನ್ನ ಕುಡಿಕೆಯಲ್ಲಿ ಮೊಸರಾದದ್ದು ಅದಾಗಿ ಮೂವತ್ತನಾಲ್ಕನೆಯ ದಿನ. ನನಗೆ ಅದು ಮೊದಲೇ ಗೊತ್ತಾಗಿತ್ತು. ನಾಲ್ಕು ದಿನ ಮುಂಚೆ, ಎಮ್ಮೆ ಕರೆಯುತ್ತ ನಾನು ಗುನುಗುತ್ತಿರುವುದನ್ನು ಚಂಪಿ ಹಿಡಿದುಕೊಟ್ಟಿದ್ದಳು. ಆದರೂ ಬೆಳಗ್ಗೆ ಕುಡಿಕೆ ಓರೆ ಮಾಡಿದಾಗ ಅದು ಅಲುಗದೆ ನಿಂತದ್ದು ನೋಡಿ, ಗಂಡನನ್ನು ಕೂಗಿದೆ. ಅವನು ಎರಡೂ ಕೈಯನ್ನು ಮೇಲೆತ್ತಿಕೊಂಡೇ ಓಡಿಬಂದ. ‘ನಾ ಮುಟ್ಟಿಲ್ಲ! ಚಂಪಿ ಆಣಿ, ನಾ ಮುಟ್ಟಿಲ್ಲ!’

ಮೊದಲ ತುತ್ತು ಅತ್ತೆಗೆ ಒಯ್ದೆ. ಅವಳು ಈಗ ಪಡಸಾಲೆಯ ಮೂಲೆಯಲ್ಲಿ ಕೂರುವುದಿಲ್ಲ, ಹೊರಗಿನ ಕಟ್ಟೆಯೇ ಅವಳ ಜಾಗ. ಬತ್ತಿ ಹೊಸೆಯುತ್ತ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾಳೆ. ಬೆರಳಿಗೆ ಮೊಸರು ಹಚ್ಚಿಕೊಂಡು ನಾಲಗೆಗಿಟ್ಟು, ಕಣ್ಣು ಕಿರಿದು ಮಾಡಿದಳು.

‘ಹುಳಿ’ ಎಂದಳು. ‘ಹೆಪ್ಪ ಹೆಚ್ಚಾಗೇತಿ. ನಿಮ್ಮವ್ವ ನಿನಗ ಹೆಪ್ಪ ಹಾಕೂದೂ ಕಲಿಸಿಲ್ಲೇನು? ಹದಿನಾರು ವರ್ಷದಿಂದ ನೋಡತೀನಿ, ಹಿಂಗ ಮಾಡತೀದಿ!’

ನಾನು ಖಾಲಿ ಕೈಯಲ್ಲೇ ಬೀದಿಗೆ ಓಡಿದೆ. ಗುರುಸಿದ್ದವ್ವ ಅಂಗಳ ಗುಡಿಸುತ್ತಿದ್ದವಳು ಕಸಬರಿಗೆ ಹಿಡಿದೇ ನೆಟ್ಟಗಾದಳು. ‘ಮಸರಾತೇನ?’ ಎಂದಳು.

‘ಮಸರು ಹಾಳಾಗಲಿ ಯಕ್ಕಾ’ ಎಂದೆ, ‘ನನಗ ನಮ್ಮತ್ತಿ ಬೈದಳು!’